ಹಳೆಯ ಕೊಡಲಿಗೆ ಹೊಸ ಕಾವು

ನಾನು ಕಾವು, ಅಂದರೆ ಮರದ ಹಿಡಿ, ಕೂರಿಸಿದ ಈ ಕೊಡಲಿ ಒಂದು ಕಾಫಿ ತೋಟದ ಉಗ್ರಾಣದಲ್ಲಿ ಹಳೆಯ ಕಬ್ಬಿಣದ ಜೊತೆ ಬಿದ್ದಿತ್ತು. ತುಕ್ಕು ಉಜ್ಜಿದಾಗ ಇಂಗ್ಲೆಂಡಿನ ವೆಡ್ನಸ್‌ಬರಿಯ ಎಲ್ವೆಲ್ ಕಾರ್ಖಾನೆಯ ಮುದ್ರೆಯೂ, ತೂಕವನ್ನು ಪೌಂಡಿನಲ್ಲಿ ಹೇಳುವ 4 ಎಂಬ ಅಂಕಿಯೂ ಕಾಣಿಸಿದವು. ನಮ್ಮ ಲೆಕ್ಕದಲ್ಲಿ ಅದು ಸುಮಾರು 1.8 ಕಿಲೋ.

ಇಂಥ ಕೊಡಲಿ ಕೈಗೆ ಬಂದಾಗ ಮರ ಹುಡುಕುವುದಕ್ಕೆ ಮೊದಲು ತೂತನ್ನು ನೋಡಬೇಕು. ನಮ್ಮ ಕಮ್ಮಾರರು ಮಾಡುವ ಕೊಡಲಿಗಳಲ್ಲಿ ತೂತು ಹೆಚ್ಚಾಗಿ ದುಂಡಗಿರುತ್ತದೆ. ಕಾವನ್ನು ಮೇಲಿನಿಂದ ಇಳಿಬಿಟ್ಟರೆ ಅದರ ದಪ್ಪ ತುದಿ ಅಲ್ಲೇ ಕಚ್ಚಿಕೊಂಡು, ಬೀಸಿದಷ್ಟೂ ಬಿಗಿಯಾಗುತ್ತದೆ. ಇಂಗ್ಲಿಷ್ ಕೊಡಲಿಯ ತೂತು ಮೊಟ್ಟೆಯಾಕಾರದ್ದು, ಮೇಲ್ಭಾಗದಲ್ಲಿ ಕೊಂಚ ಅಗಲವಾಗುವಂಥದ್ದು. ಅದಕ್ಕೆ ಕಾವನ್ನು ಕೆಳಗಿನಿಂದ ಏರಿಸಿ, ಮೇಲ್ತುದಿಯ ಸೀಳಿಗೆ ಬೆಣೆ ಬಡಿದು ಅರಳಿಸಬೇಕು.

ಒಳಗೆ ಉಳಿದ ಹಳೆಯ ಮರವನ್ನು ಸುಟ್ಟು ತೆಗೆಯುವುದು ಸುಲಭವೆಂದು ಅನೇಕರು ಕೊಡಲಿಯನ್ನೇ ಒಲೆಗೆ ಹಾಕುತ್ತಾರೆ. ನಾನು ಅದಕ್ಕೆ ಒಪ್ಪುವುದಿಲ್ಲ, ಏಕೆಂದರೆ ಒಲೆಯ ಬಿಸಿಗೆ ಬಾಯಿಯ ಉಕ್ಕಿನ ಹದ ಇಳಿದುಹೋದರೆ ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ. ಕೆಳಗಿನ ತುಂಡನ್ನು ಗರಗಸದಿಂದ ಕೊಯ್ದು, ಉಳಿದದ್ದಕ್ಕೆ ಡ್ರಿಲ್‌ನಿಂದ ರಂಧ್ರಗಳನ್ನು ಕೊರೆದು, ಕೆಳಗಿನಿಂದ ಮೇಲಕ್ಕೆ ಬಡಿದು ಹೊರಹಾಕಿದೆ. ಆಮೇಲೆ ಒಂದು ರಾತ್ರಿ ವಿನೆಗರಿನಲ್ಲಿ ನೆನೆಸಿ, ಸೋಡಾ ಪುಡಿ ಕರಗಿಸಿದ ನೀರಿನಲ್ಲಿ ತೊಳೆದಾಗ, ಮೆದು ಕಬ್ಬಿಣದ ಒಡಲಿಗೆ ಉಕ್ಕಿನ ಬಾಯಿಯನ್ನು ಬೆಸೆದ ಗೆರೆ ಸ್ಪಷ್ಟವಾಗಿ ಎದ್ದು ಕಂಡಿತು: ಉಕ್ಕು ಕಪ್ಪಾಗಿತ್ತು, ಕಬ್ಬಿಣ ಬೂದಿ ಬಣ್ಣದಲ್ಲೇ ಉಳಿದಿತ್ತು.

ಇಂಗ್ಲೆಂಡಿನವರು ಕಾವಿಗೆ ಹಿಕರಿ ಅಥವಾ ಆ್ಯಶ್ ಮರವನ್ನು ಬಳಸುತ್ತಾರೆ. ನಮ್ಮಲ್ಲಿ ದಡಸಲು ಮರ ಇರುವಾಗ ಅವನ್ನು ತರಿಸುವ ಅಗತ್ಯ ನನಗೆ ಕಾಣಲಿಲ್ಲ. ಪೆಟ್ಟು ಬಿದ್ದಾಗ ಬಾಗಿ ಮತ್ತೆ ನೆಟ್ಟಗಾಗುವ ಗುಣ ದಡಸಲಿಗಿದೆ. ದಿಂಡಿಗವೂ ಗಟ್ಟಿ, ಆದರೆ ಕೆತ್ತುವಾಗ ಕೈ ಸೋಲುತ್ತದೆ. ಕೊಯ್ದ ರೀಪಿಗಿಂತ ಸೀಳಿದ ತುಂಡು ಉತ್ತಮ, ಏಕೆಂದರೆ ಸೀಳು ಮರದ ಎಳೆಯನ್ನೇ ಹಿಡಿದು ಹೋಗುತ್ತದೆ. ಎಳೆ ಪಕ್ಕಕ್ಕೆ ಓಡಿಹೋದ ಕಾವು ಅಲ್ಲಿಯೇ ಮುರಿಯುತ್ತದೆ. ಮರ ಪೂರ್ತಿ ಒಣಗಿರಬೇಕು. ಹಸಿ ಕಾವು ಬೇಸಿಗೆಯಲ್ಲಿ ಕುಗ್ಗಿ ಸಡಿಲವಾಗುವುದು ಖಂಡಿತ.

ಹೆಚ್ಚು ಹೊತ್ತು ಹಿಡಿಯುವುದು ತೂತಿಗೆ ಹೊಂದಿಸುವ ಕೆಲಸವೇ. ತೂತಿನ ಒಳಗೋಡೆಗೆ ಎಣ್ಣೆಯಲ್ಲಿ ಕಲಸಿದ ದೀಪದ ಮಸಿಯನ್ನು ತೆಳ್ಳಗೆ ಬಳಿದು, ಕಾವನ್ನು ಒಮ್ಮೆ ಏರಿಸಿ ತೆಗೆದರೆ, ಎಲ್ಲಿ ಉಜ್ಜುತ್ತಿದೆಯೋ ಅಲ್ಲಿ ಮಾತ್ರ ಕಪ್ಪು ಹತ್ತಿರುತ್ತದೆ. ಆ ಗುರುತನ್ನಷ್ಟೇ ಅರದಿಂದ ತೆಗೆದು ಮತ್ತೆ ಏರಿಸಬೇಕು. ಏರಿಸಲು ಕೊಡಲಿಗೆ ಹೊಡೆಯುವಂತಿಲ್ಲ: ಕೊಡಲಿ ಕೆಳಗೆ ತೂಗುವಂತೆ ಕಾವನ್ನು ಗಾಳಿಯಲ್ಲಿ ನೇರವಾಗಿ ಹಿಡಿದು, ಮೇಲೆ ಬಂದ ಹಿಡಿತುದಿಗೆ ಮರದ ಕೊಡತಿಯಿಂದ ಹೊಡೆದರೆ, ಭಾರದ ಕೊಡಲಿ ಇದ್ದಲ್ಲೇ ಉಳಿದು ಕಾವು ಅದರೊಳಗೆ ನುಗ್ಗುತ್ತದೆ. ನೋಡಿದವರು ಮೊದಲು ನಂಬುವುದಿಲ್ಲ. ಕೂರಿಸುವ ಪ್ರತಿ ಸಲವೂ ಹಿಡಿಯ ಕಡೆಯಿಂದ ಒಂದು ಕಣ್ಣು ಮುಚ್ಚಿ, ಬಾಯಿ ಕಾವಿನ ನೇರದಲ್ಲಿದೆಯೇ ಎಂದು ನೋಡಿಕೊಂಡೆ.

ಬೆಣೆಯ ಸೀಳನ್ನು ತೂತಿನ ಆಳದ ಮೂರರಲ್ಲಿ ಎರಡು ಪಾಲಿನಷ್ಟು ಇಳಿಸಿ, ಒಣ ತೇಗದ ಬೆಣೆಯನ್ನು ಅದು ಮುಂದೆ ಹೋಗದಷ್ಟು ಬಡಿದೆ. ಕಾವಿನ ಮೇಲ್ತುದಿಯನ್ನು ಕಬ್ಬಿಣದ ಮಟ್ಟಕ್ಕೆ ಕತ್ತರಿಸದೆ ಸುಮಾರು 5 ಮಿಲಿಮೀಟರ್ ಮೇಲೆ ಬಿಟ್ಟಿದ್ದೇನೆ. ಅರಳಿದ ಆ ಅಂಚೇ ಕೊಡಲಿ ಜಾರದಂತೆ ತಡೆಯುತ್ತದೆ. ಕಬ್ಬಿಣದ ಬೆಣೆಯನ್ನೂ ಅಂಟನ್ನೂ ಬಳಸಲಿಲ್ಲ. ಮೊದಲಿನದು ಎಳೆಯನ್ನು ಸೀಳುತ್ತದೆ, ಎರಡನೆಯದು ಮುಂದಿನ ಸಲ ಕಾವು ಬದಲಿಸುವವನಿಗೆ ಶಿಕ್ಷೆ.

ಕಾವಿಗೆ ವಾರ್ನಿಷ್ ಬೇಡ, ಕೈ ಬೊಬ್ಬೆ ಬರುತ್ತದೆ. ಅಗಸೆ ಎಣ್ಣೆ ಸಾಕು. ಆದರೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ಅದು ತಾನಾಗಿ ಕಾದು ಹೊತ್ತಿಕೊಳ್ಳಬಹುದಾದ್ದರಿಂದ, ಬಯಲಲ್ಲಿ ತಂತಿಯ ಮೇಲೆ ಹರವಿ ಒಣಗಿಸಿಯೇ ಬಿಸಾಡುತ್ತೇನೆ.

ಮುಂದೆ ಎಂದಾದರೂ ಸಡಿಲವಾದರೆ ಕೊಡಲಿಯನ್ನು ಬಕೆಟ್ ನೀರಿನಲ್ಲಿ ನೆನೆಸಿಡುವುದು ರೂಢಿಯ ಉಪಾಯ. ಆದರೆ ಉಬ್ಬಿದ ಮರ ಕಬ್ಬಿಣಕ್ಕೆ ಒತ್ತಿ ಜಜ್ಜಿಹೋಗುವುದರಿಂದ, ಒಣಗಿದ ಮೇಲೆ ಅದು ಮೊದಲಿಗಿಂತ ಹೆಚ್ಚು ಸಡಿಲವಾಗುತ್ತದೆ. ಹಿಡಿತುದಿಗೆ ನಾಲ್ಕು ಏಟು ಹಾಕಿ, ಬೆಣೆಯನ್ನು ಇನ್ನಷ್ಟು ಇಳಿಸುವುದೇ ಸರಿಯಾದ ದಾರಿ; ಅದಕ್ಕೂ ಬಗ್ಗದಿದ್ದರೆ ಹಳೆಯ ಬೆಣೆ ಕೊರೆದು ತೆಗೆದು ದಪ್ಪನೆಯದನ್ನು ಹಾಕಬೇಕು.