ಕನ್ನಡಿಯನ್ನು ಅಂಟಿಸಬೇಡಿ, ಹೊಲಿಯಿರಿ

ತಂಗಿಯ ಸೊಸೆ ಬಟ್ಟೆ ಚೂರುಗಳಲ್ಲೇ ತುಂಗಭದ್ರೆ ನದಿಯ ಚಿತ್ರ ಮಾಡಿ, ಮೇಲೆ ಕಸೂತಿಯ ಪುಟ್ಟ ಕನ್ನಡಿಗಳನ್ನು ಗಮ್‌ನಲ್ಲಿ ಅಂಟಿಸಿ ಗೋಡೆಗೆ ಹಾಕಿದ್ದಳು. ಸಂಕ್ರಾಂತಿಗೆ ನೋಡಿದಾಗ ಎಷ್ಟು ಚೆಂದ ಇತ್ತು! ಯುಗಾದಿಗೆ ಹೋದರೆ ಅರ್ಧದಷ್ಟು ಕನ್ನಡಿಗಳು ನೆಲದ ಮೇಲೆ, ಲೇಸು ಜೋತು ಬಿದ್ದಿದೆ, ಗಮ್ ಇದ್ದಲ್ಲೆಲ್ಲ ಹಳದಿ ಕಲೆ. ಸಂಜೆ ಬಿಸಿಲು ಬಡಿಯುವ ಗೋಡೆ, ಅದೂ ನಮ್ಮ ಬಳ್ಳಾರಿ ಬಿಸಿಲು, ಗಮ್ ನಿಲ್ಲುತ್ತಾ? ಬಟ್ಟೆಗೆ ಸೂಜಿ ದಾರ ಇರುವಾಗ ಗಮ್ ಯಾಕೆ ಬೇಕು ಹೇಳಿ.

ನದಿಗೆ ಜೀನ್ಸ್ ಚೂರು ತಗೊಂಡಿದ್ದಳು, ಅದು ಸರಿ. ಆದರೆ ನೊರೆಗೆ ಅಂತ ಅಂಗಡಿಯಿಂದ ಬಿಳಿ ಲೇಸು ತಂದಿದ್ದಳು, ಸುಮ್ನೆ ದುಡ್ಡು ದಂಡ. ಜೀನ್ಸಿನ ಉದ್ದದ ಎಳೆ ನೀಲಿ, ಅಡ್ಡದ ಎಳೆ ಬಿಳಿ. ಉದ್ದಕ್ಕೆ ಕತ್ತರಿಸಿ, ಅಂಚಿನಿಂದ ನೀಲಿ ಎಳೆಗಳನ್ನು ಸೂಜಿಯಿಂದ ಒಂದೊಂದೇ ಎಳೆದು ತೆಗೆದರೆ ಬಿಳಿ ಜೂಲು ತಾನೇ ಉಳಿಯುತ್ತದೆ. ಅದೇ ನೊರೆ. ಬಂಡೆಗೆ ಹಳೇ ಕಂಬಳಿ ಚೂರು, ಬೆರಳಲ್ಲಿ ಒತ್ತಿ ನಿರಿಗೆ ಮಾಡಿಕೊಂಡು ಕೌದಿಗೆ ಹಾಕುವ ಹಾಗೆ ಸಾಲಾಗಿ ಸಾದಾ ಹೊಲಿಗೆ ಹಾಕಿ. ಅಂಚಿಗೆ ಇಳಕಲ್ ಸೀರೆಯ ದಡಿ ಹಚ್ಚುವುದಾದರೆ ಮೊದಲು ನೆನೆಸಿ, ಬಿಳಿ ಬಟ್ಟೆ ಮೇಲಿಟ್ಟು ಒತ್ತಿ ನೋಡಿ. ಕೆಂಪು ಬಿಟ್ಟರೆ ಆ ದಡಿ ಬೇಡ.

ಈಗ ಕನ್ನಡಿ. ಇದನ್ನು ನನಗೆ ಹೇಳಿಕೊಟ್ಟಿದ್ದು ಸಂಡೂರು ಕಡೆಯ ಲಂಬಾಣಿ ಅಜ್ಜಿ. ನಮ್ಮ ಮನೆ ಕಟ್ಟೆ ಮೇಲೆ ಕೂತು, ನಾನು ಹಾಕಿದ್ದನ್ನು ಮೂರು ಸಲ ಬಿಚ್ಚಿಸಿದ್ದಳು. 2023ರಲ್ಲಿ ಹಂಪಿಯ ಜಿ-20 ಸಭೆ ಹೊತ್ತಿಗೆ ಇದೇ ಸಂಡೂರು ಲಂಬಾಣಿ ಕಸೂತಿಗೆ ಗಿನ್ನೆಸ್ ದಾಖಲೆ ಬಂತಲ್ಲ, ಆಗ ಟಿವಿ ಮುಂದೆ ಕೂತು ಆ ಅಜ್ಜಿಯನ್ನೇ ನೆನೆಸಿಕೊಂಡೆ.

ಮೊದಲು ಕನ್ನಡಿಯ ಅಂಚನ್ನು ಒದ್ದೆ ಕಲ್ಲಿಗೆ ಮೆಲ್ಲಗೆ ತಿಕ್ಕಿ. ಉಗುರಿನ ತುದಿ ಆಡಿಸಿದರೆ ಚುಚ್ಚಬಾರದು, ಇಲ್ಲದಿದ್ದರೆ ಅದೇ ದಾರ ಕೊಯ್ಯುತ್ತದೆ. ದಾರಕ್ಕೆ ಮೇಣ ಸವರಿ. ಕನ್ನಡಿಯನ್ನು ಎಡಗೈ ಹೆಬ್ಬೆರಳಲ್ಲಿ ಅದುಮಿ ಹಿಡಿದು, ಮೇಲೆ ಎರಡು ಎಳೆ ಉದ್ದ, ಎರಡು ಎಳೆ ಅಡ್ಡ. ಅಡ್ಡದ್ದು ಹಾಕುವಾಗ ಉದ್ದದ ಎಳೆಗೆ ಒಂದೊಂದು ಸುತ್ತು ಹಾಕಿ ಮುಂದೆ ಹೋಗಿ. ಎಲ್ಲರೂ ತಪ್ಪುವುದು ಇಲ್ಲೇ: ಎಳೆಗಳನ್ನು ಅಂಚಿನ ಹತ್ತಿರ ಹಾಕುತ್ತಾರೆ. ಬೇಡ! ನಡುವಿನ ಹತ್ತಿರ ಹಾಕಿ, ಕನ್ನಡಿ ಪೂರಾ ಮುಚ್ಚಿಹೋಯಿತು ಅನ್ನಿಸಿದರೂ ಹೆದರಬೇಡಿ. ಆಮೇಲೆ ಸುತ್ತ ಹೊಲಿಗೆ ಹಾಕುವಾಗ, ಒಂದು ಸಲ ಎಳೆಯ ಕೆಳಗಿಂದ, ಒಂದು ಸಲ ಬಟ್ಟೆಯಿಂದ, ದಾರ ಎಳೆದಂತೆ ಆ ನಾಲ್ಕು ಎಳೆಗಳ ಚೌಕ ತಾನೇ ಹೊರಗೆ ಸರಿದು ದುಂಡಗೆ ತೆರೆಯುತ್ತದೆ, ಬಿಗಿಯೂ ಆಗುತ್ತದೆ. ಮೊದಲೇ ಅಂಚಿಗೆ ಹಾಕಿದರೆ ಎಳೆ ಜಾರಿ ಕನ್ನಡಿ ಉದುರುತ್ತದೆ. ಎಳೆ ಸಡಿಲ ಇದ್ದರೆ ಬಿಚ್ಚಿ ಮತ್ತೆ ಹಾಕಿ, ಬೇಜಾರು ಮಾಡ್ಕೋಬೇಡಿ, ನಾನೂ ಬಿಚ್ಚಿದ್ದೇನೆ.

ಉಳಿದ ಚೂರುಗಳನ್ನು ಟ್ರಂಕಿನಲ್ಲಿ ಬೇವಿನ ಎಲೆ ಜೊತೆ ಇಡಿ. ಎಲೆ ನೆರಳಲ್ಲಿ ಗರಿಗರಿ ಒಣಗಿರಬೇಕು. ಹಸಿ ಎಲೆ ತುರುಕಿದರೆ ಬೂಸ್ಟು ಹಿಡಿಯುತ್ತದೆ.

ಗೆಜ್ಜೆ, ಕವಡೆ, ಕುಚ್ಚು ಎಲ್ಲಕ್ಕಿಂತ ಕೊನೆಗೆ, ಅದೂ ಕೆಳ ಅಂಚಿಗೆ ಮಾತ್ರ. ಮೇಲೆ ಕಟ್ಟಿದರೆ ಭಾರಕ್ಕೆ ಬಟ್ಟೆ ಜಗ್ಗುತ್ತದೆ.