ಶಂಭಲದ ನಕ್ಷೆ ಬರೆಯುವುದು ಹೀಗೆ

ಟಿಬೆಟಿನ ಬೌದ್ಧರ ಕಾಲಚಕ್ರ ಎಂಬ ತಾಂತ್ರಿಕ ಪರಂಪರೆಯಲ್ಲಿ ಶಂಭಲವೆಂದರೆ ಹಿಮಪರ್ವತಗಳ ನಡುವೆ ಅಡಗಿರುವ, ಎಂಟು ದಳದ ತಾವರೆಯಾಕಾರದ ನಾಡು. 40×55 ಸೆಂ.ಮೀ. ಹಾಳೆ ಸಾಕು. ದಕ್ಷಿಣ ದಿಕ್ಕನ್ನು ಕೆಳಗಿಟ್ಟುಕೊಳ್ಳಿ.

ಹಾಳೆಯ ಮೇಲ್ಭಾಗದಲ್ಲಿ ಒಂದೇ ಕೇಂದ್ರದಿಂದ 18, 16, 6, 5 ಸೆಂ.ಮೀ. ತ್ರಿಜ್ಯದ ವೃತ್ತ ಎಳೆಯಿರಿ. ಹೊರಗಿನ ಎರಡರ ನಡುವೆ, ಒಳಗಿನ ಎರಡರ ನಡುವೆ ಹಿಮಪರ್ವತಗಳು. ಎರಡು ಪರ್ವತಸಾಲುಗಳ ನಡುವೆ ಮಿಕ್ಕ ಜಾಗದಲ್ಲಿ ಎಂಟು ದಳಗಳನ್ನು ಕೋನಮಾಪಕದಿಂದ 45 ಡಿಗ್ರಿಗೊಂದರಂತೆ ಗುರುತಿಸಿ. ಕಣ್ಣಳತೆ ನಂಬಿದರೆ ಕೊನೆಯ ದಳ ಬಡಕಲಾಗುತ್ತದೆ. ಪ್ರತಿ ದಳಕ್ಕೆ 12 ಸಂಸ್ಥಾನ, ಒಟ್ಟು 96. ಮೂರರಂತೆ ನಾಲ್ಕು ಸಾಲು ಮಾಡಿದರೆ ಹಿಡಿಸುತ್ತವೆ.

ನಡುವೆ ರಾಜಧಾನಿ ಕಲಾಪ. ಅದನ್ನು ಕೊಂಚ ಮೇಲಕ್ಕೆ ಸರಿಸಿ, ಇಲ್ಲದಿದ್ದರೆ ಕೆಳಗಿನ ಮಲಯ ಉದ್ಯಾನಕ್ಕೆ ಜಾಗ ಸಾಲದು. ಶಂಭಲದ ರಾಜ ಸುಚಂದ್ರ ಕಾಲಚಕ್ರ ಮಂಡಲ ಕಟ್ಟಿಸಿದ್ದು ಈ ಉದ್ಯಾನದಲ್ಲೇ. ಉದ್ಯಾನದ ಬಲಕ್ಕೊಂದು, ಎಡಕ್ಕೊಂದು ಸರೋವರ.

ಹೆಚ್ಚಿನವರು ಎಡವುವುದು ಕಲ್ಕಿಯ ವಿಷಯದಲ್ಲಿ. ಇಲ್ಲಿ ಅದು 25 ರಾಜರ ಬಿರುದು. ಪುರಾಣದ ದಶಾವತಾರದ ಕಲ್ಕಿಯನ್ನು ಅರಮನೆಯಲ್ಲಿ ಕೂರಿಸಬೇಡಿ. ಜನ ಶಾಂತರಾದರೂ ಭವಿಷ್ಯವಾಣಿಯಲ್ಲಿ ಯುದ್ಧವಿದೆ: ಕೊನೆಯ ಕಲ್ಕಿ ರೌದ್ರಚಕ್ರಿಯದು. ಅದನ್ನು ಬರೆಯುವುದಾದರೆ ಪರ್ವತದ ಬಳೆಯ ಹೊರಗೆ, ಹಾಳೆಯ ಕೆಳಭಾಗದಲ್ಲಿ ಬರೆಯಿರಿ.