ಶಾಲೆಗೆ ಹೊಸ ಪಾಲಿಸಿ ಬಂದ್ರೆ ಅದನ್ನ ಓದೋದು ಹೇಗೆ, ಅಭಿಪ್ರಾಯ ಬರೆಯೋದು ಹೇಗೆ

ಮೊದಲು ಮುನ್ನುಡಿ ಬಿಟ್ಟುಬಿಡಿ. ಗುಣಮಟ್ಟ, ಸಮಾನತೆ, ಸರ್ವಾಂಗೀಣ ಬೆಳವಣಿಗೆ ಅಂತ ಎಲ್ಲಾ ಪಾಲಿಸಿಲೂ ಇದ್ದೇ ಇರತ್ತೆ. ನೇರ ಒಳಗೆ ಹೋಗಿ "ಶಿಕ್ಷಕರು ಮಾಡತಕ್ಕದ್ದು" ಅಂತ ಎಲ್ಲೆಲ್ಲಿದೆಯೋ ಅಲ್ಲೆಲ್ಲಾ ಪೆನ್ಸಿಲಲ್ಲಿ ಗೆರೆ ಎಳೀರಿ. ಆಮೇಲೆ ಟೈಮ್‌ಟೇಬಲ್ ಪಕ್ಕದಲ್ಲಿಟ್ಕೊಂಡು ಆ ಒಂದೊಂದು ಕೆಲಸನೂ ಯಾವ ಪೀರಿಯಡಲ್ಲಿ ಆಗತ್ತೆ, ಎಷ್ಟು ನಿಮಿಷ ತಿನ್ನತ್ತೆ ಅಂತ ಬರೀರಿ. 40 ನಿಮಿಷದ ಕ್ಲಾಸು ಅಂದ್ಕೊಳ್ಳಿ, ಆ್ಯಪಲ್ಲಿ ಹಾಜರಿಗೆ 5 ನಿಮಿಷ, ಚಟುವಟಿಕೆ ಫೋಟೋ ಅಪ್‌ಲೋಡ್ ಮಾಡೋಕೆ ಇನ್ನೊಂದು 5, ಸರ್ವರ್ ಕೈಕೊಟ್ರೆ ಮತ್ತೆ ಮೊದಲಿಂದ, ಅಷ್ಟೊತ್ತೂ ಹಿಂದಿನ ಬೆಂಚಲ್ಲಿ ಒಂದು ಮಗು ಭಾಗಾಕಾರದ ಶೇಷ ಎಲ್ಲಿ ಬರೀಬೇಕು ಅಂತ ಗೊತ್ತಾಗ್ದೆ ಕೈ ಎತ್ಕೊಂಡೇ ಕೂತಿರತ್ತೆ. ಹೊಸ ಕೆಲಸ ಸೇರಿಸಿದಾರೆ ಸರಿ, ಹಳೇದು ಯಾವುದನ್ನ ತೆಗೆದಿದಾರೆ? ತೆಗೆದಿಲ್ಲ ಅಂದ್ರೆ ಆ ನಿಮಿಷ ಆ ಮಗುವಿಂದಾನೇ ಹೋಗೋದು, ನನಗೆ ಹೊಟ್ಟೆ ಉರಿಯೋದು ಇಲ್ಲೇ.

ಆಮೇಲೆ ಇದನ್ನೆಲ್ಲಾ ಮಾಡೋಕೆ ಬೇಕಾದ ಟೀಚರ್ಸ್‌ನ ಎಲ್ಲಿಂದ ತರ್ತಾರೆ ನೋಡಿ, ಎಷ್ಟೋ ಒಳ್ಳೆ ಐಡಿಯಾಗಳು ಮುಗ್ಗರಿಸಿರೋದು ಇದರಲ್ಲೇ. ಅಮೆರಿಕದ ಟೆನ್ನೆಸ್ಸಿ ರಾಜ್ಯದಲ್ಲಿ 1985ರಲ್ಲಿ ಶುರುವಾದ ಸ್ಟಾರ್ ಪ್ರಯೋಗದಲ್ಲಿ 22-25 ಮಕ್ಕಳ ಕ್ಲಾಸಿಗಿಂತ 13-17 ಮಕ್ಕಳ ಕ್ಲಾಸಲ್ಲಿ ಚಿಕ್ಕ ಮಕ್ಕಳು ಚೆನ್ನಾಗಿ ಕಲಿತ್ರು. ಅದನ್ನ ನೋಡಿ ಕ್ಯಾಲಿಫೋರ್ನಿಯಾ 1996ರಲ್ಲಿ ಕೆಳಗಿನ ಕ್ಲಾಸುಗಳನ್ನ 20 ಮಕ್ಕಳಿಗೆ ಇಳಿಸೋಕೆ ಹೊರಟಿತು, ಒಂದೇ ಸಲ ಸಾವಿರಾರು ಟೀಚರ್ಸ್ ಬೇಕಾಯ್ತು, ಪೂರ್ತಿ ಅರ್ಹತೆ ಇಲ್ಲದವರನ್ನೂ ತಗೊಂಡ್ರು, ಲೈಬ್ರರಿ, ಮ್ಯೂಸಿಕ್ ರೂಮುಗಳೂ ಕ್ಲಾಸ್‌ರೂಮ್ ಆದ್ವು, ಪೆಟ್ಟು ಜಾಸ್ತಿ ಬಿದ್ದಿದ್ದು ಬಡ ಮಕ್ಕಳ ಶಾಲೆಗಳಿಗೆ. 2030ರ ಹೊತ್ತಿಗೆ ಪ್ರಪಂಚಕ್ಕೆ ಇನ್ನೂ 4.4 ಕೋಟಿ ಶಿಕ್ಷಕರು ಬೇಕು ಅಂತ ಯುನೆಸ್ಕೋ ಲೆಕ್ಕ ಹೇಳತ್ತೆ, ಅದಕ್ಕೇ ನೇಮಕಾತಿ, ತರಬೇತಿ, ಹಣ ಯಾವ ಪುಟದಲ್ಲಿದೆ ಅಂತ ಹುಡುಕಲೇಬೇಕು.

ಗುರಿ ಅಂತ ಏನನ್ನ ಅಳೀತಾರೆ ಅನ್ನೋದನ್ನೂ ಬಿಡಬೇಡಿ. ಅಮೆರಿಕದಲ್ಲೇ 2002ರಲ್ಲಿ ಸಹಿ ಬಿದ್ದ ಕಾನೂನು 2014ರೊಳಗೆ ಎಲ್ಲಾ ಮಕ್ಕಳೂ ಓದು, ಗಣಿತದಲ್ಲಿ ನಿಗದಿ ಮಟ್ಟ ಮುಟ್ಟಬೇಕು ಅಂದಿತ್ತು, ಆಗ ಕೆಲವು ರಾಜ್ಯಗಳು ಆ ಮಟ್ಟಾನೇ ಇಳಿಸಿದ್ವು, ಕೊನೆಗೆ 2015ರಲ್ಲಿ ಬೇರೆ ಕಾನೂನು ತಂದ್ರು.

ಫೋನ್ ನಿಷೇಧ, ಎಐ ಬಳಕೆ ಥರದ ನಿಯಮ ಆದ್ರೆ ಜಾರಿ ಮಾಡೋರು ಯಾರು, ಫೋನ್ ಕಳೆದ್ರೆ ಹೊಣೆ ಯಾರದು, ಕಾಪಿ ಹೊಡೆದ ಅಂತ ಅನುಮಾನ ಬಂದ ಮಗು ತನ್ನ ಮಾತು ಎಲ್ಲಿ ಹೇಳ್ಕೋಬೇಕು, ಇಷ್ಟು ಕೇಳಿ ಸಾಕು.

ಇನ್ನು ಬರೆಯೋದು. ಒಂದೇ ಪುಟ ಇರಲಿ. ಪಾಲಿಸಿ ಸರಿಯಿಲ್ಲ ಅಂತ ಬರೆದ್ರೆ ಯಾರೂ ಓದಲ್ಲ, ಕಲಂ ನಂಬರ್ ಹಾಕಿ, ನಿಮ್ಮ ನಿಮಿಷದ ಲೆಕ್ಕ ಕೊಡಿ, ಆ ವಾಕ್ಯದ ಬದಲು ಏನಿರಬೇಕೋ ಆ ವಾಕ್ಯಾನೇ ಬರೆದುಕೊಡಿ. ಕಳಿಸೋ ಮುಂಚೆ ಒಬ್ಬ ಟೀಚರ್‌ಗೂ ಒಂದು ಹೈಸ್ಕೂಲ್ ಮಗುಗೂ ಓದೋಕೆ ಕೊಡಿ, ನಮ್ಮ ಕಣ್ಣಿಗೆ ಬೀಳದೇ ಇರೋದನ್ನ ಮಕ್ಕಳು ಥಟ್ಟಂತ ಹಿಡೀತಾರೆ. ಕೊನೇ ದಿನಾಂಕದ ಒಳಗೆ ಕಳಿಸಿ, ಸ್ವೀಕೃತಿ ಇಸ್ಕೊಂಡು ಜೋಪಾನವಾಗಿಡಿ.